ಮೊಳೆ ಡಬ್ಬಿಯಲ್ಲಿದ್ದ ಮಾತ್ರೆ

ಸೋಫಾ ಮೇಸ್ತ್ರಿ ಒಮ್ಮೆ ಕೆಮ್ಮಿದರೆ ಮೂರು ಬೀದಿಯಾಚೆ ಪಡ್ಡೆಗಳಿಗೆ ಮೀಸೆ ಚಿಗುರುತ್ತಿತ್ತು. ಅರವತ್ತರ ಹೊಸ್ತಿಲಲ್ಲೂ ಅವನ ಗಂಡಸ್ತನದ ಅಬ್ಬರಕ್ಕೆ ಮನೆಯ ಮಂಚ ನಾಲ್ಕು ಸಲ ಮುರಿದು, ಐದನೆಯದನ್ನು ಕಬ್ಬಿಣದಲ್ಲಿ ಮಾಡಿಸಬೇಕಾಯಿತು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ನಿಜ. ಮೇಸ್ತ್ರಿಯೇ ಹೇಳುತ್ತಿರುವಾಗ ಸಾಕ್ಷಿ ಯಾತಕ್ಕೆ?

ಅಂಗಡಿಯಲ್ಲಿ ಅವನೆದುರು ಕೂತು ಕವರ್ ಹೊಲಿಯುತ್ತಿದ್ದವನು ಅವನ ಅಕ್ಕನ ಗಂಡ. ಭಾವನ ಹೃದಯ ಸರಿಯಿರಲಿಲ್ಲ. ಸೋಫಾ ಹೊತ್ತು ಮೆಟ್ಟಿಲು ಹತ್ತಿ ಎದೆ ಹಿಂಡಿದಾಗಲೆಲ್ಲ ನಾಲಿಗೆ ಕೆಳಗೊಂದು ಮಾತ್ರೆ ಇಟ್ಟುಕೊಂಡು, ಅರ್ಧ ತುಂಬಿದ ಕುಶನ್ನಿಗೆ ಒರಗಿ ಕೂರುತ್ತಿದ್ದ.

ಒಂದು ದಿನ ಸೂಜಿಯಿಂದ ಕಣ್ಣೆತ್ತದೆ ಕೇಳಿದ: "ಆ ಮಂಚ ಮುರಿಯೋ ಗುಟ್ಟೇನಯ್ಯಾ?"

"ಯಾಕೆ ಭಾವ, ನಿಮ್ಮದಿನ್ನೂ ಗಟ್ಟಿಯಾಗಿದೆಯಾ?"

ಭಾವ ನಗಲಿಲ್ಲ. "ನಿಮ್ಮಕ್ಕ ಏನೂ ಅನ್ನಲ್ಲ ಕಣಯ್ಯ. ಅದನ್ನೇ ತಡೆಯೋಕಾಗಲ್ಲ."

ಮೇಸ್ತ್ರಿ ಕೈಲಿದ್ದ ಸುತ್ತಿಗೆ ಕೆಳಗಿಟ್ಟ. ಹಲಗೆಯ ಹಿಂದೆ ಬಚ್ಚಿಟ್ಟಿದ್ದ ಹಳೇ ಮೊಳೆ ಡಬ್ಬಿಯನ್ನು ತಂದು ಭಾವನ ಕೈಗಿಟ್ಟ. ಒಳಗೆ ಎರಡು ಮಾತ್ರೆ.

"ಕಾಡುಬೇರು ಭಾವ. ಹುಲಿ ಇದನ್ನ ಮೂಸಿದ್ರೆ ಕಾಡೇ ಬಿಟ್ಟು ಓಡುತ್ತೆ. ಮಾತ್ರೆ ಥರ ಒತ್ತಿಸಿದೀನಿ, ಅಷ್ಟೇ."

ಇನ್ನೊಂದು ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

ವಾರದ ರಜೆಯ ದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಭಾವನಿಗೆ ಎದೆನೋವು ಬಂದಿತ್ತು. ಎಂದಿನ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡವನು ಕೂತಲ್ಲೇ ಕುಸಿದಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ಕೇಳಿದರು: "ಬಿಪಿ ಇಳೀತಾನೇ ಇದೆ. ಗಂಡಸ್ತನಕ್ಕೆ ಅಂತ ಏನಾದ್ರೂ ಮಾತ್ರೆ ತಗೊಂಡಿದ್ರಾ? ನಾಲಿಗೆ ಕೆಳಗಿನ ಮಾತ್ರೆ ಜೊತೆ ಅದು ಸೇರಿದ್ರೆ ಜೀವಕ್ಕೇ ಅಪಾಯ. ಗೊತ್ತಿದ್ರೆ ಈಗಲೇ ಹೇಳಿ."

ಅಕ್ಕ ತಮ್ಮನ ಮುಖ ನೋಡಿದಳು.

"ನಮ್ಮ ಮನೇಲಿ ಅದೆಲ್ಲ ಯಾರಿಗೂ ಬೇಕಾಗಿಲ್ಲ ಡಾಕ್ಟ್ರೇ," ಎಂದುಬಿಟ್ಟ ಮೇಸ್ತ್ರಿ. ಬಾಯಿಗೆ ಅಭ್ಯಾಸವಾಗಿ ಹೋಗಿತ್ತು.

ಡಾಕ್ಟರಮ್ಮ ಒಳಗೆ ಹೋದರು. ನರ್ಸು ಭಾವನ ಅಂಗಿಯನ್ನು ತಂದು ಅಕ್ಕನ ಕೈಗಿತ್ತಳು. ಜೇಬಿನಲ್ಲಿ ಏನೋ ಗಲಗಲ ಎಂದಿತು.

"ನಿನ್ನ ಮೊಳೆ ಡಬ್ಬಿ ಇವರ ಹತ್ರ ಯಾಕೋ ಇದೆ?" ಅಕ್ಕ ಮುಚ್ಚಳ ತೆಗೆದಳು. ಮೊಳೆ ಇರಲಿಲ್ಲ. ಒಂದೇ ಒಂದು ಮಾತ್ರೆ ಉಳಿದಿತ್ತು.

ಮೇಸ್ತ್ರಿ ಅದನ್ನು ಕಿತ್ತುಕೊಂಡು ಓಡಿದ. ಬಾಗಿಲು ಬಡಿದ. ಮಾತ್ರೆಯ ಹೆಸರು ಹೇಳಿದ. "ಆಗಲೇ ಹೇಳೋಕೆ ಏನಾಗಿತ್ರೀ?" ಎಂದು ಡಾಕ್ಟರಮ್ಮ ಬಾಗಿಲೆಳೆದುಕೊಂಡರು. ಅದು ಮತ್ತೆ ತೆರೆಯುವಷ್ಟರಲ್ಲಿ ಭಾವ ಹೋಗಿಬಿಟ್ಟಿದ್ದ.

ಅಕ್ಕ ಅಳಲಿಲ್ಲ. ಮಡಿಲಲ್ಲಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಕೇಳಿದಳು: "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಕ್ಕ. ಬೇರಲ್ಲ ಅದು. ನನ್ನ ಕೈಲಿ ಆಗ್ತಿಲ್ಲ ಅಂತ ಡಾಕ್ಟ್ರು ನನಗೆ ಬರೆದುಕೊಟ್ಟಿದ್ದು. ಹೃದಯದ ಮಾತ್ರೆ ಇರೋರು ಮುಟ್ಟಲೇಬಾರದು, ಯಾರಿಗೂ ಕೊಡಬೇಡ ಅಂತ ಅವರು ಬಿಡಿಸಿ ಬಿಡಿಸಿ ಹೇಳಿದ್ರು. ಭಾವನಿಗೆ ಅದನ್ನ ಹೇಳಿದ್ರೆ, ಇದು ನಾನು ನುಂಗೋ ಮಾತ್ರೆ ಅಂತ ಗೊತ್ತಾಗಿಬಿಡ್ತಿತ್ತು."

ಅಕ್ಕ ಕೊನೇ ಗುಂಡಿ ಹಾಕಿದಳು.

"ಮಂಚ ಒಂದೂ ಮುರಿದಿಲ್ಲ ಅಕ್ಕ," ಎಂದ ಮೇಸ್ತ್ರಿ. "ಮದುವೇಲಿ ಕೊಟ್ಟಿದ್ದೇ ಇನ್ನೂ ಇದೆ."