ಮಡಿ ಮತ್ತು ಏಳು ಪರ್ಸೆಂಟು

ಗುರ್ ಅಂದಿತು, ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಫೋನು ಗುರ್ ಅಂದು ಅರ್ಧ ಇಂಚು ಸರಿಯಿತು, ಬಿದ್ದೀತು, ಬಿದ್ದೀತು ಎಂದು ಗಂಗಾಬಾಯಿಯ ಕೈ ತಾನಾಗಿಯೇ ಮುಂದೆ ಹೋಗಿ, ಒದ್ದೆ ಸೆರಗು ತೋಳಿಗೆ ತಣ್ಣಗೆ ತಾಗಿದ್ದೇ ತಡ ಹಿಂದಕ್ಕೆ ಬಂತು — ಮಡಿ, ಮಡಿಯಲ್ಲಿದ್ದಾಳೆ ಅವಳು, ಮುಟ್ಟುವಂತಿಲ್ಲ, ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಒದ್ದೆ ಸೀರೆ, ಹಾಗಲಕಾಯಿ ಗೊಜ್ಜು, ಬಾಳೆಕಾಯಿ ಪಲ್ಯ, ಬೆಳಗಿನಿಂದ ಬೇಯಿಸಿದ್ದನ್ನೆಲ್ಲ ಸುರಿದು ಮೊದಲಿನಿಂದ ಶುರು, ಇವತ್ತು ಅತ್ತೆಯ ಶ್ರಾದ್ಧ, ಪಡಸಾಲೆಯಲ್ಲಿ ಆಚಾರ್ರು ದರ್ಭೆ ಹರವಿಕೊಂಡು ಕೂತಿದ್ದಾರೆ — ಆದರೆ ಓದುವುದಕ್ಕೇನು, ಕಣ್ಣಿಗೆ ಮೈಲಿಗೆಯಿಲ್ಲವಲ್ಲ, ಕತ್ತು ಚಾಚಿದಳು, ಕಂಪ್ಲಿಯಿಂದ ಮಾಧವಿಯ ಮೆಸೇಜು, ದೊಡ್ಡಮ್ಮ, ಸರ್ವರ್ ಬಂದದ, ಜಲ್ದಿ ಕಳಸ್ರಿ. ತಂಗಿಯ ಮಗಳು ಮಾಧವಿ, ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು, ಅವಳು ಜಲ್ದಿ ಅಂದರೆ ಇವಳ ಎದೆ ಆಗಲೇ ಟಾಂಗಾ ಏರಿ ಕೂತಿರುತ್ತದೆ. ಕಳಿಸುವುದು, ಮೂರು ಲಕ್ಷದ ನಲವತ್ತು ಸಾವಿರ, ಈ ಬ್ಯಾಂಕಿನಿಂದ ಆ ಬ್ಯಾಂಕಿಗೆ, ಊಟ ಮುಗಿಯುವುದರೊಳಗೆ. ಪಾಯಸಕ್ಕೆ ಬೆಲ್ಲ ಹಾಕಿದೆನೋ ಇಲ್ಲವೋ, ಹಾಕಿದ್ದೇನೆ, ಬಣ್ಣ ತಿರುಗಿದೆ.

ಏಳು ಪರ್ಸೆಂಟು, ಏಳು, ಆ ಅಂಕಿಯನ್ನು ನೆನೆದರೇ ಸಾಕು, ನಗು ಬರುತ್ತದೆ ಅವಳಿಗೆ, ಈ ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಅಂಕಿಯನ್ನು ನೆನೆದು ನಗುವ ಹೆಂಗಸು ಹೊಸಪೇಟೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಹನ್ನೊಂದು ವರ್ಷ ಆ ದುಡ್ಡು ದಿನಬಳಕೆಯ ಖಾತೆಯಲ್ಲೇ ಬಿದ್ದಿತ್ತು, ಗಂಡ ಹೆಂಡತಿ ಇಬ್ಬರ ಹೆಸರಿನ ಜಂಟಿ ಖಾತೆ, ಅವರ ಪೆನ್ಷನ್ನು ಅಲ್ಲಿಗೇ, ಇವಳು ಹಂಪಿಗೆ ಬರುವ ಯಾತ್ರೆಯವರಿಗೆ ಮಡಿ ಅಡಿಗೆ ಮಾಡಿ ಗಳಿಸಿದ್ದೂ ಅಲ್ಲಿಗೇ, ಗ್ಯಾಸು ಅಲ್ಲಿಂದ, ಕರೆಂಟು ಬಿಲ್ಲು ಅಲ್ಲಿಂದ, ಎಟಿಎಂ ಕಾರ್ಡಿಗೆ ವರ್ಷಕ್ಕಿಷ್ಟು ಅಂತ ಹೇಳದೆ ಕೇಳದೆ ಕತ್ತರಿಸುವುದೂ ಅಲ್ಲಿಂದಲೇ, ನಡುಮನೆಯ ಹಾಗೆ ಆ ಖಾತೆ, ಬಂದವರೆಲ್ಲ ಹಾದುಹೋಗುವುದೇ, ಕೂತವರು ಯಾರೂ ಇಲ್ಲ. ಬಡ್ಡಿ ಎರಡೂವರೆ. ದೊಡ್ಡಮ್ಮ, ಮೂರು ಲಕ್ಷದ ನಲವತ್ತು ಸಾವಿರಕ್ಕ ವರ್ಷಕ್ಕ ಎಂಟೂವರಿ ಸಾವಿರ, ನೀವು ಬ್ಯಾಂಕಿಗೆ ದಾನ ಮಾಡ್ಲಿಕತ್ತೀರಿ ಅಂದಿದ್ದಳು ಮಾಧವಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು, ಎಡಕ್ಕೊಂದು ಬಲಕ್ಕೊಂದು — ಬಲಕ್ಕೆ ಸ್ಟೇಷನ್ ರೋಡಿನ ಹೊಸ ಬ್ಯಾಂಕು, ಮೊದಲ ಲಕ್ಷಕ್ಕೆ ಮೂರು, ಅದರ ಮೇಲಿನದಕ್ಕೆ ಏಳು, ಅಂದರೆ ಲಕ್ಷಕ್ಕೆ ಮೂರು ಸಾವಿರ, ಉಳಿದ ಎರಡು ಲಕ್ಷದ ನಲವತ್ತಕ್ಕೆ ಹದಿನಾರು ಸಾವಿರದ ಎಂಟುನೂರು, ಒಟ್ಟು ಹತ್ತೊಂಬತ್ತು ಸಾವಿರದ ಎಂಟುನೂರು, ಅವಳು ಬೆರಳಲ್ಲಿ ಎರಡು ಸಲ ಎಣಿಸಿ, ಮೂರನೆಯ ಸಲ ಹಾಸಿಗೆಯಲ್ಲಿ ಮಲಗಿ ಎಣಿಸಿದ್ದಳು. ಬ್ಯಾಂಕು ಮುಳುಗಿದರೆ? ಐದು ಲಕ್ಷದ ತನಕ ವಿಮಾ ಅದರಿ. ಬೇಕಂದಾಗ ತೆಗೀಬಹುದೇನು? ತೆಗೀಬಹುದ್ರಿ, ಆದ್ರ ಲಕ್ಷದ ಕೆಳಗ ಇಳಿದ್ರ ಏಳು ಹೋಗಿ ಮೂರಕ್ಕ ಬರ್ತದ, ದಿನಾ ಮುಟ್ಟೂ ದುಡ್ಡಲ್ಲ ಇದು. ದಿನಾ ಮುಟ್ಟದ ದುಡ್ಡು! ಮಡಿಯಲ್ಲಿಟ್ಟ ದುಡ್ಡು ಅಂದಹಾಗಾಯಿತು, ಗೂಟಕ್ಕೆ ಬೇರೆ ಒಣಹಾಕಿದ ಸೀರೆ ಇದ್ದಂತೆ, ಮಾಧವಿ ಹೇಳಿದ್ದರಲ್ಲಿ ಇದೊಂದು ಮಾತು ಅವಳಿಗೆ ಬಡ್ಡಿಗಿಂತ ಚೆನ್ನಾಗಿ ತಿಳಿದಿತ್ತು.

ವಡೆ ಹಿಟ್ಟು ಎಣ್ಣೆಗೆ ಬಿಟ್ಟಳು, ಸುಯ್ ಅಂತು, ಮೂರು ಲಕ್ಷ ಐವತ್ತೊಂಬತ್ತು ಸಾವಿರದ ಎಂಟುನೂರು, ಅಂದರೆ ಮುಂದಿನ ವರ್ಷ ಇಷ್ಟೊತ್ತಿಗೆ, ಕಮಲಾಪುರದಲ್ಲಿ ಓಬಳೇಶನ ಮನೆಯ ಭೋಗ್ಯಕ್ಕೆ ಬೇಕಾದದ್ದು ಮೂರು ಅರವತ್ತು, ಇನ್ನೂರು ರೂಪಾಯಿ ಕಡಿಮೆ, ಇನ್ನೂರಕ್ಕೆ ಸಂಡಿಗೆ ಮಾರಿದರಾಯಿತು, ಒಂದು ವರ್ಷ ಕಾಯ್ತೀನ್ರಮ್ಮ, ಬ್ಯಾರೇರಿಗೆ ಕೊಡಂಗಿಲ್ಲ ಅಂದಿದ್ದಾನೆ ಓಬಳೇಶ, ಬಸ್‌ಸ್ಟ್ಯಾಂಡಿನ ಹಿಂದೆ, ಕಲ್ಲುಹಾಸಿನ ದೊಡ್ಡ ಅಡಿಗೆಮನೆ, ಹಿತ್ತಲಲ್ಲಿ ಬಾವಿ, ಬೇರೆಯವರ ಮನೆಯ ಒಲೆಯ ಮುಂದೆ ಬೇರೆಯವರ ಪಾತ್ರೆಯಲ್ಲಿ ಬೇಯಿಸುವುದು ಮುಗಿಯಿತು, ಬಾಗಿಲ ಮೇಲೆ ಬೋರ್ಡು, ಗಂಗಾಬಾಯಿ, ಮಡಿ ಊಟ, ಯಜಮಾನರ ಹೆಸರು ಬೇಡ, ಅವರದ್ದು ಪಾಸ್‌ಬುಕ್ಕಿನಲ್ಲಿ ಸಾಕಷ್ಟು ಇದೆ. ಆದರೆ ಪಡಸಾಲೆಯಲ್ಲಿ ಅಕ್ಷೋಭ್ಯನ ನಗು ಕೇಳುತ್ತಿದೆ. ನಾದಿನಿಯ ಮಗ, ಇಸ್ತ್ರಿ ಅಂಗಿ ತೊಟ್ಟು ಅಜ್ಜಿಯ ಶ್ರಾದ್ಧಕ್ಕೆ ಬಂದಿದ್ದಾನೆ, ಕೆಟ್ಟವನಲ್ಲ, ಅಲ್ಲವೇ ಅಲ್ಲ, ಅತ್ತಿ ಅತ್ತಿ ಅಂತ ಬಾಯಿತುಂಬ ಕರೆಯುತ್ತಾನೆ, ಸಂಡೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟಿಪ್ಪರ್ ನೋಡಿದ್ದಾನೆ, ಅದಿರು ಹೊಡೀತೀನಿ ಮಾವ, ಆರು ತಿಂಗಳಿಗೆ ವಾಪಸ್, ಮಾವ ಹೂಂ ಅಂದುಬಿಟ್ಟಿದ್ದಾರೆ, ಅವರಿಗೆ ಊಂಹೂಂ ಅನ್ನುವುದು ಬಾಯಿಗೇ ಬರುವುದಿಲ್ಲ, ಮದುವೆಯಾದ ಮೂವತ್ತಾರು ವರ್ಷದಲ್ಲಿ ಅವಳು ಕೇಳಿಲ್ಲ, ಊಟ ಮುಗಿದ ಮೇಲೆ ಫೋನಿನಲ್ಲೇ ಮೂರು ಲಕ್ಷ ಕಳಿಸುವುದು ಎಂದು ಮಾತಾಗಿದೆ. ಹೋದ ಸಲದ ಅರವತ್ತು ಸಾವಿರ ಎಲ್ಲಿ ಹೋಯಿತು ಅಂತ ಕೇಳಬಾರದು, ಕೊಟ್ಟೋನು ಕೋಡಂಗಿ, ಇಸಕೊಂಡೋನು ಈರಭದ್ರ. ಅದಕ್ಕೇ ಅವಳು ನಾಲ್ಕು ದಿನದ ಹಿಂದೆ ಹೊಸ ಖಾತೆಯ ನಂಬರನ್ನು ಮಾಧವಿಯ ಕೈಯಲ್ಲಿ ಹಳೆಯದಕ್ಕೆ ಸೇರಿಸಿಟ್ಟದ್ದು, ನಿನ್ನೆ ರಾತ್ರಿ ಕಳಿಸಬೇಕೆಂದು ಕೂತದ್ದು, ಕೊನೆಯಲ್ಲಿ ಆರು ಖಾಲಿ ಮನೆಗಳು ಬಂದವು, ಸಾಲಾಗಿ, ಚೌಕಾಬಾರದ ಮನೆಗಳ ಹಾಗೆ, ಫೋನಿಗೆ ಬರುವ ಓಟಿಪಿಯನ್ನು ಒಂದೊಂದರಲ್ಲಿ ಒಂದೊಂದು ಅಂಕಿಯಾಗಿ ತುಂಬಬೇಕು, ಆರೂ ತುಂಬಿದರೆ ದುಡ್ಡು ಹೋದಂತೆ ಅಂದಿದ್ದಳು ಮಾಧವಿ, ತುಂಬಬೇಕಾದ ಅಂಕಿಯೇ ಬರಲಿಲ್ಲ, ಸರ್ವರ್ ಇಲ್ಲ, ಬೆಳಿಗ್ಗೆ ಎಂಟರ ನಂತರ ಪ್ರಯತ್ನಿಸಿ. ಎಂಟರ ನಂತರ ಮಾಡಿದರಾಯಿತು ಎಂದು ಹಾಯಾಗಿ ಮಲಗಿದಳು, ಐದಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡಳು, ಒದ್ದೆ ಸೀರೆ ಸುತ್ತಿ ಒಲೆ ಹಚ್ಚಿದಳು, ಬೇಳೆ ಕುದಿಯುವಾಗ ಹೊಳೆಯಿತು, ಅಯ್ಯೋ, ಎಂಟು ಗಂಟೆ ಬಂದರೂ ನನ್ನ ಕೈ ಎಲ್ಲಿದೆ, ಕೈ ಮಡಿಯಲ್ಲಿದೆಯಲ್ಲ. ಇಂಥ ಪೆದ್ದುತನ ಮಾಧ್ವರ ಮನೆಯ ಹೆಂಗಸಿಗಲ್ಲದೆ ಇನ್ನಾರಿಗೂ ಬರಲಾರದು ಎಂದು ತನ್ನನ್ನೇ ಬೈದುಕೊಳ್ಳುತ್ತ ವಡೆ ತಿರುವಿದಳು.

ಹಿತ್ತಲಲ್ಲಿ ಪಾತ್ರೆಯ ಸದ್ದು, ವಿರುಪಮ್ಮ, ಇಪ್ಪತ್ತು ವರ್ಷದಿಂದ ಈ ಮನೆಯ ಪಾತ್ರೆ ತಿಕ್ಕುವ ವಿರುಪಮ್ಮ, ಶ್ರಾದ್ಧದ ದಿನ ಹೊಸಲು ದಾಟುವಂತಿಲ್ಲ, ನಲ್ಲಿಯ ಹತ್ತಿರವೇ ಅವಳ ರಾಜ್ಯ, ಹೌದಲ್ಲ, ಈ ಇಡೀ ಮನೆಯಲ್ಲಿ ಫೋನು ಮುಟ್ಟಬಹುದಾದ ಕೈ ಅಂದರೆ ಅಕ್ಷೋಭ್ಯನದು, ಬಿಟ್ಟರೆ ಅವಳದು, ದೂರವಿಟ್ಟವಳೇ ಇವತ್ತು ಬೇಕಾದವಳು, ನಾಚಿಕೆಯಾಯಿತು ಗಂಗಾಬಾಯಿಗೆ, ನಾಚಿಕೆಯ ಬೆನ್ನಿಗೇ ಆಸೆ — ಕರೆಯಲೇ, ಆದರೆ ಗುಟ್ಟಿನ ನಂಬರನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಸಾವಿರ ಸಲ ಹೇಳುತ್ತಾರೆ, ಫೋನು ಮುಟ್ಟಬೇಡ ಅನ್ನುತ್ತದೆ ಮಡಿ, ಎರಡು ಬೇಡಗಳ ನಡುವೆ ನಿಂತಿದ್ದಾಗಲೇ ಹಿಂದಿನಿಂದ ಎಳ್ಳು ಸಾಲೂದಿಲ್ಲಂತ, ಇನ್ನಷ್ಟು ಕೊಡು, ಗಂಡ ಗೋಪೀನಾಥರಾಯರು, ಒದ್ದೆ ಪಂಚೆ, ಬೆರಳಲ್ಲಿ ಪವಿತ್ರದ ಉಂಗುರ, ಎಳ್ಳಿನ ಡಬ್ಬಿ ಎತ್ತಿದವಳು ಕೊಡಲಿಲ್ಲ, ಬಾಯಿ ತಾನಾಗಿಯೇ ತೆರೆಯಿತು, ರೀ, ಆ ದುಡ್ಡು ನಾನು ಬ್ಯಾರೆ ಬ್ಯಾಂಕಿಗೆ ಹಾಕ್ತೀನಿ, ನನ್ನ ಹೆಸರಿಗೆ, ಟಿಪ್ಪರಿಗೆ ಬ್ಯಾಡ, ಅಂದೇಬಿಟ್ಟಳು, ಅಂದು ಮುಗಿಯಿತು, ಎಣ್ಣೆಯಲ್ಲಿ ವಡೆ ಕೆಂಪಾಗುತ್ತಿದೆ, ಅವರು ಬಗ್ಗಿ ಪಂಚೆಯ ತುದಿ ಹಿಂಡಿದರು, ನೀರು ಬೊಳಬೊಳ ಬಿತ್ತು, ಗೊತ್ತದ ಅಂದರು. ಏನು ಗೊತ್ತದ? ಹೊಸ ಖಾತಿ ಸೇರಿಸೀರಿ ಅಂತ ನನ್ನ ಫೋನಿಗೂ ಮೆಸೇಜ್ ಬಂದದ, ಜಂಟಿ ಖಾತಿ ಅಲ್ಲೇನು. ಮತ್ತ ಕೇಳಲಿಲ್ಲ? ನಾಕು ದಿನದಿಂದ ಕಾಯ್ಲಿಕತ್ತೀನಿ, ಯಾವಾಗ ಕಳಸ್ತಾಳ ಯಾವಾಗ ಕಳಸ್ತಾಳ ಅಂತ, ಅವಗ ಇಲ್ಲ ಅನ್ನೂದು ನನ್ನ ಕೈಲೆ ಆಗೂದಿಲ್ಲ ಗಂಗಾ, ದುಡ್ಡೇ ಇಲ್ಲಂದ್ರ ಬ್ಯಾರೆ ಮಾತು. ಎಷ್ಟು ಬಡ್ಡಿ? ಏಳು. ಏಳಾ, ಅಂದರು, ಅರವತ್ತನಾಲ್ಕರ ಮುಖದಲ್ಲಿ ಮದುವೆಯ ವರ್ಷದ ಮುಖ ಒಂದು ಕ್ಷಣ ಇಣುಕಿತು, ಅವಳಿಗೆ ಅಳು ಬಂತು, ನಗುವೂ ಬಂತು, ಬೈಯಬೇಕು ಅನ್ನಿಸಿತು, ನಾಲ್ಕು ದಿನ ನಾನು ಕಳ್ಳಿಯಂತೆ ಹೆದರಿ ಓಡಾಡಿದೆನಲ್ಲ ಮಹರಾಯ. ಅವರೇ ಹಿತ್ತಲಿಗೆ ಮುಖ ಮಾಡಿ ಕೂಗಿದರು, ವಿರುಪಮ್ಮ, ಕೈ ತೊಳಕೊಂಡು ಬಾ, ಅಮ್ಮನ ಫೋನ್ ಹಿಡಿ.

ವಿರುಪಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ನಾ ಮುಟ್ಟಲೇನ್ರಿ ಅಮ್ಮಾರ, ಇವತ್ತು ನೀನೇ ಮುಟ್ಟಬೇಕವ್ವ, ಕಿಟಕಿಯ ಸರಳಿನ ಆಚೆ ಅವಳು, ಈಚೆ ಇವರಿಬ್ಬರು ಒದ್ದೆ ಬಟ್ಟೆಯಲ್ಲಿ, ಎಂಟು ಒಂಬತ್ತು ಸೊನ್ನೆ ನಾಕು ಒತ್ತು, ಹೂಂ ತೆರೀತು, ನಿನ್ನೆ ತುಂಬಿದ ಮೂರು ನಲವತ್ತು ಹಂಗೇ ಅದ, ಮೇಲೆ ಒಂದು ಹಸಿರು ಗುಂಡಿ, ಅದನ್ನ ಒತ್ತು, ಪಡಸಾಲೆಯಿಂದ ಅಕ್ಷೋಭ್ಯ, ಮಾವ, ಆಚಾರ್ರು ಕರೀಲಿಕತ್ತಾರ, ಬಂದೆ ಬಂದೆ, ಬಂದೆ ಎಂದವರು ಕದಲಲಿಲ್ಲ, ಡಬ್ಬಿ ಅವಳ ಕೈಯಲ್ಲೇ, ವಡೆ ಸೀದ ವಾಸನೆ, ಸೀಯಲಿ, ಆರು ಖಾಲಿ ಮನೆಗಳು, ಗುರ್ ಅಂದಿತು, ಮೇಲೆ ಅಂಕಿಗಳು ಇಳಿದವು, ಗೋಪೀನಾಥರಾಯರು ಕಣ್ಣು ಕಿರಿದು ಮಾಡಿ ಓದಿದರು, ಐದು, ವಿರುಪಮ್ಮನ ಒರಟು ಹೆಬ್ಬೆರಳು ಒತ್ತಿತು, ಒಂದು, ಒತ್ತಿತು, ಏಳು, ಏಳು, ನಾಕು, ಐದು ಮನೆ ತುಂಬಿದವು, ಮಾವಾ ಎಂಬ ದನಿ ನಡುಮನೆಗೆ ಬಂತು, ಹತ್ತಿರ, ಇನ್ನೂ ಹತ್ತಿರ, ಕೊನೆಯದು, ಹೇಳ್ರಿ ಕೊನೆಯದು, ಎರಡು ಅಂದರು ಗಂಡ, ಮೆಲ್ಲಗೆ, ದೇವರ ಮುಂದೆ ಹೇಳಿದ ಹಾಗೆ, ಹೆಬ್ಬೆರಳು ಇಳಿಯಿತು, ಖಾಲಿ ಮನೆ ಒಂದೂ ಇಲ್ಲ, ಆರೂ ತುಂಬಿವೆ, ಆರೂ.