ಪರದೆಯಾಚೆಯ ಬಾಯಿ

ಬಕ್ಕಪ್ಪ ಲಾರಿಯ ಹಿಂಬದಿಯ ಹಲಗೆ ಇಳಿಸಿ, "ತಲಿ ಕಡೆ ಸಾವಕಾಶ ಹಿಡೀರಿ" ಅಂದ. ತೊಗರಿ ಚೀಲಗಳ ನಡುವೆ ಗುಲಾಮ್ ರಸೂಲ್ ಮಲಗಿದ್ದ. ಮಗಳು ಗೌಹರಳನ್ನು ಪರೀಕ್ಷೆಗೆ ಹೈದರಾಬಾದಿಗೆ ಕರೆದೊಯ್ಯಲು ಬೆಳಿಗ್ಗೆ ಕಲ್ಯಾಣ ಬಿಟ್ಟವನು, ಹುಮನಾಬಾದಿನಲ್ಲಿ ಮೋಟಾರು ಕಾಯುತ್ತ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಿದ್ದ. ಎದುರಿಗೇ ಬಕ್ಕಪ್ಪನ ಕಾಳಿನ ಅಂಗಡಿ. ಅವನ ಮನೆಯ ತಾಮ್ರದ ಹಂಡೆ, ಕೊಡಗಳಿಗೆಲ್ಲ ಕಲಾಯಿ ಹಾಕುತ್ತಿದ್ದವನು ಗುಲಾಮ್ ರಸೂಲನೇ. ಗೆಳೆತನಕ್ಕೆ ಬೆಲೆ ಕೊಟ್ಟು ಬಕ್ಕಪ್ಪ ಲಾರಿಯನ್ನು ಕಲ್ಯಾಣಕ್ಕೆ ತಿರುಗಿಸಿಕೊಂಡು ಬಂದಿದ್ದ.

ಹೆಣಕ್ಕೆ ನೀರು ಕಾಯುವಾಗ ಬಂದವರೆಲ್ಲ ಸತ್ತವನ ಕೈಗುಣ ಹೊಗಳಿದರು. ನೆರೆಮನೆಯ ಸರ್ವರಿ ಮಾತ್ರ, ಮಗಳ ಇಂಗ್ಲಿಷಿನ ಹುಚ್ಚೇ ಅವನನ್ನು ತಿಂದಿತೆಂದು ಗೊಣಗಿದಳು. ಸತ್ತ ಮನೆಯಲ್ಲೂ ಕೊಂಕು ತಪ್ಪಿದ್ದಲ್ಲ.

ಪರೀಕ್ಷೆ ನಾಡಿದ್ದು. ಗೌಹರ ಒಳಕೋಣೆಗೆ ಹೋಗಿ ತಾಯಿ ಸುಗ್ರಾಳ ಮುಂದೆ ಕೂತಳು. ಪರೀಕ್ಷೆಗೆ ಜೊತೆ ಬೇಡಲು ಬಂದಿದ್ದಾಳೆಂದು ಸುಗ್ರಾಗೆ ಅರ್ಥವಾಯಿತು.

"ನಾ ಗಂಡ ಸತ್ತು ಇದ್ದತ್‌ಗೆ ಕುಂತಾಕಿ. ನಾಕ ತಿಂಗಳು ಹತ್ತ ದಿನ ಹೊಸ್ತಿಲ ದಾಟಂಗಿಲ್ಲ. ನಿಮ್ಮ ಚಾಚಾಗ ಕೇಳು."

ಅಪ್ಪನ ತಮ್ಮ, ಚಾಚಾ ಶಂಶುದ್ದೀನ್, ಮಣ್ಣು ಕೊಟ್ಟು ಬಂದು ಹೇಳುವೆನೆಂದ.

*

ಗೌಹರ ಹೈದರಾಬಾದಿನಲ್ಲಿ ಓದಲು ಸೇರಿದಾಗ ವಿಶ್ವವಿದ್ಯಾಲಯ ಆಗಷ್ಟೇ ಉರ್ದು ಬಿಟ್ಟು ಇಂಗ್ಲಿಷಿಗೆ ತಿರುಗಿತ್ತು. ಇಂಗ್ಲಿಷ್ ಭಾಷಾಶಾಸ್ತ್ರದ ಮೊದಲ ಪಾಠವೇ ಧ್ವನಿ. ಯಾವ ಧ್ವನಿಗೆ ನಾಲಿಗೆ ಎಲ್ಲಿ ತಾಗಬೇಕು, ತುಟಿ ಎಷ್ಟು ತೆರೆಯಬೇಕು ಎಂದು ಮೇಷ್ಟ್ರು ಬಾಯಿ ತೆರೆದು ತೋರಿಸುತ್ತಿದ್ದರು. ಹುಡುಗಿಯರು ಪರದೆಯ ಹಿಂದೆ. ಕುರುಡರ ಕೈಗೆ ಕನ್ನಡಿ ಕೊಟ್ಟ ಹಾಗೆ.

ಪಾಠವಿದ್ದಾಗಲೆಲ್ಲ ಮಗಳ ಜೊತೆ ಹೋಗಿ ಕಾವಲಿಗೆಂದು ಬಾಗಿಲಲ್ಲಿ ಕೂತ ಗುಲಾಮ್ ರಸೂಲನಿಗೆ ಮಾತ್ರ ಮೇಷ್ಟ್ರ ಬಾಯಿ ಕಾಣುತ್ತಿತ್ತು. ಓದು ಬಾರದವನು ಅದನ್ನೇ ನೋಡಿಕೊಂಡು ಬಂದು, ಸಂಜೆ ಮಗಳ ಮುಂದೆ ಮಾಡಿ ತೋರಿಸುತ್ತಿದ್ದ. ಹಲ್ಲಿನ ನಡುವೆ ನಾಲಿಗೆ ಇಟ್ಟು ಉಸಿರು ಬಿಡುವಾಗ ಅವನ ತುಟಿಯ ಎಡತುದಿ ಕೆಳಗೆ ಜಾರುತ್ತಿತ್ತು. ಗೌಹರಳೂ ಜಾರಿಸಿದಳು. ಅವಳನ್ನು ನೋಡಿ ಉಳಿದ ಹುಡುಗಿಯರೂ ಕಲಿತರು.

ಒಂದು ದಿನ ಗಾಳಿಗೆ ಪರದೆ ಎದ್ದಾಗ ಗುಟ್ಟು ಹೊರಬಿತ್ತು. ಮೇಷ್ಟ್ರಿಗೆ ಯಾವಾಗಲೋ ಲಕ್ವಾ ಹೊಡೆದು ಬಾಯಿ ಸೊಟ್ಟಗಾಗಿತ್ತು.

"ಅದ್ರಾಗ ಇಂಗ್ಲಿಷ್ ಯಾವ್ದು, ಲಕ್ವಾ ಯಾವ್ದು, ನನಗೇನ ಗೊತ್ತಾಗ್ತದ ಬೇಟಿ?" ಅಂದ ಗುಲಾಮ್ ರಸೂಲ್. "ಬಿಟ್ಟು ಬಂದ್ರ ನಿನಗ ಕಮ್ಮಿ ಬಿದ್ದೀತಂತ ಪೂರಾ ತಂದೆ."

ಅವತ್ತು ಗೌಹರ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅಪ್ಪನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

*

ಹೆಂಗಸರು ಕೊನೆಯ ಸಲ ಮುಖ ನೋಡಿದ ಮೇಲೆ ಗಂಡಸರು ಜನಾಜಾದ ಮಂಚ ಎತ್ತಲು ಬಂದರು. ಹೊರಡುವ ಮುಂಚೆ ಬಕ್ಕಪ್ಪ, ನಾಳೆ ತನ್ನ ಲಾರಿ ಹೈದರಾಬಾದಿಗೇ ಹೋಗುತ್ತದೆ, ತಾನೇ ಜೊತೆಗಿದ್ದು ಹುಡುಗಿಯನ್ನು ಮುಟ್ಟಿಸುವೆನೆಂದ. ಹರೆಯದ ಹುಡುಗಿಯನ್ನು ಪರರ ಜೊತೆ ಕಳಿಸಿದರೆ ಊರು ಸುಮ್ಮನಿರುವುದೇ ಎಂದು ಶಂಶುದ್ದೀನ್ ಕೈ ಮುಗಿದ. ಅವನೇನು ಕೆಟ್ಟವನಲ್ಲ. ಹೆದರಿದವನು.

ಗೋರಿಯವರೆಗೆ ಹೋಗುವಂತಿಲ್ಲದೆ ಬಾಗಿಲ ಪರದೆಯ ಹಿಂದೆ ನಿಂತ ಗೌಹರಳಿಗೆ ಕಲಿಮಾ ಹೇಳುವ ದನಿಗಳು ಕೇಳಿದವು. ಓಣಿಯ ತಿರುವಿನಲ್ಲಿ ಅವೂ ಕೇಳದಾದವು.

ಬಿಸಿಲು ಇಳಿಯುವ ಹೊತ್ತಿಗೆ ಶಂಶುದ್ದೀನ್ ಮರಳಿದ. ಗೌಹರ ತಂಬಿಗೆ ಹಿಡಿದು ಬಚ್ಚಲ ಹತ್ತಿರ ಕಾಯುತ್ತಿದ್ದಳು. ಅವನು ಅವಳ ಮುಖ ನೋಡದೆ ಹೇಳಿದ.

"ಓದಿದ್ದು ಸಾಕು ಬೇಟಿ. ಆ ಬಾಗಿಲಾಗ ಕುಂದ್ರಾಕ ಈಗ ಯಾರದಾರ?"

ಅವಳು ತಂಬಿಗೆ ಬಗ್ಗಿಸಲಿಲ್ಲ. "ಅಬ್ಬಾಗ ಹ್ಯಾಂಗ ಮಲಗಿಸಿದ್ರಿ ಚಾಚಾ? ಮಾರಿ ಕಾಬಾ ಕಡೆ ಹ್ಯಾಂಗ ಹೊಳ್ಳಿಸಿದ್ರಿ? ಮಾಡಿ ತೋರಸ್ರಿ" ಅಂದಳು.

"ಅದೆಲ್ಲ ಹೆಣ್ಮಕ್ಕಳಿಗ್ಯಾಕ? ನೀರ ಹಾಕು."

ಹಾಕಿದಳು. ಅವನು ಬೆರಳ ಸಂದಿಗಳನ್ನೆಲ್ಲ ಉಜ್ಜಿ ತೊಳೆದ. ಗೋರಿಯ ಕೆಂಪು ಮಣ್ಣು ಕರಗಿ, ಬಚ್ಚಲ ತೂಬಿನಿಂದ ಬೀದಿಗೆ ಹರಿದುಹೋಯಿತು.