ಮುಂದಿಟ್ಟ ಗಡಿಯಾರ

ಆಫೀಸಿಗೆ ತಡವಾಗಬಾರದೆಂದು ಸಂಜೀವ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದ. ನೋಡಿದಾಗಲೆಲ್ಲ ಆ ಹತ್ತನ್ನು ಮನಸ್ಸಿನಲ್ಲೇ ಕಳೆದು ಆರಾಮಾಗಿರುತ್ತಿದ್ದ. ಎಂಥ ಜಾಣ!

ಅಪ್ಪ ಗಾಳೆಪ್ಪನ ಡಯಾಲಿಸಿಸ್‌ಗೆ ಹೊಸಪೇಟೆ ರೈಲು ಹಿಡಿಯಬೇಕಿತ್ತು.

"ಹೊತ್ತಾತಲೇ ಸಂಜೀವ," ಅಪ್ಪ ಗಡಿಬಿಡಿ ಮಾಡಿದ.

ಗಡಿಯಾರ ನೋಡಿ ಸಂಜೀವ, "ಇನ್ನೂ ಟೈಮ್ ಐತಿ, ಚಾ ಕುಡಿಯಪ್ಪ" ಎಂದ.

ಕೊಟ್ಟೂರು ಸ್ಟೇಷನ್ ಮುಟ್ಟಿದಾಗ ರೈಲು ಹೋಗಿಯಾಗಿತ್ತು. ಆಸ್ಪತ್ರೆಯ ದಿನ ಎಡವಟ್ಟಾಗದಿರಲೆಂದು ಹೆಂಡತಿ ಕೋಮಲಾ ಹಿಂದಿನ ದಿನವೇ ಗಡಿಯಾರವನ್ನು ಸರಿಮಾಡಿದ್ದಳು, ಹೇಳಲು ಮರೆತಿದ್ದಳು. ಆ ದಿನದ ಡಯಾಲಿಸಿಸ್ ಪಾಳಿ ತಪ್ಪಿತು. ಮುಂದಿನ ಪಾಳಿಯವರೆಗೆ ಅಪ್ಪ ಉಳಿಯಲಿಲ್ಲ.

ಅಂಗಳದಲ್ಲಿ ಹೆಣಕ್ಕೆ ಹೂವು ಹಾಕಿದ್ದಾಯಿತು. "ಮಣ್ಣಿಗೆ ಹೊತ್ತಾತು, ಎತ್ತೂಣೇನಪ್ಪ?" ಹಿರಿಯರೊಬ್ಬರು ಕೇಳಿದರು.

ಸಂಜೀವ ತೆರೆದ ಬಾಗಿಲಿನಿಂದ ಗೋಡೆ ಗಡಿಯಾರದತ್ತ ನೋಡಿದ.

"ಇನ್ನೂ ಟೈಮ್ ಐತ್ರಿ," ಎಂದ.